ಮೊದ್ಲ ಅಂಚು, ಆಮ್ಯಾಲ ಹಾರೂದು

ಸ್ಕೇಟಿಂಗ್ ಸರ್ ತೀರಿಕೊಂಡರೆಂಬ ಸುದ್ದಿ ಹಳೇ ಬ್ಯಾಚಿನ ವಾಟ್ಸಾಪಿಗೆ ಬಂದಾಗ ಎಲ್ಲರೂ ಬರೆದದ್ದು ಅವರ ಮೇಲಿನ ಮಾತನ್ನೇ. ಅಂಚೆಂದರೆ ಪಾದವನ್ನು ಒಳಕ್ಕೋ ಹೊರಕ್ಕೋ ವಾಲಿಸಿ, ಬಾಗಿದ ದಾರಿಯಲ್ಲಿ ಜಾರುವುದು. ಮುಂಬಯಿಗೆ ಬಂದು ಎಷ್ಟು ವರ್ಷವಾದರೂ ಸರ್ ನಾಲಗೆಯಿಂದ ಧಾರವಾಡ ಹೋಗಿರಲಿಲ್ಲ.

ಹರೆಯದಲ್ಲಿ ಅವರು ಫಿಗರ್ ಸ್ಕೇಟಿಂಗ್ ಸ್ಪರ್ಧಿ. ಐಸ್ ಬೇಕೆಂದರೆ ಶಿಮ್ಲಾಕ್ಕೇ ಹೋಗಬೇಕಿತ್ತು. 1920ರಿಂದ ಇರುವ ಅಲ್ಲಿನ ರಿಂಕಿನಲ್ಲಿ ನೀರು ಹಾಯಿಸಿ, ರಾತ್ರಿಯ ಚಳಿಗೆ ಗಟ್ಟಿಯಾಗಲು ಬಿಡುತ್ತಿದ್ದರು. ಮೋಡ ಕವಿದ ರಾತ್ರಿ ನೆಲದ ಶಾಖ ಆರುವುದಿಲ್ಲ, ಮರುದಿನದ ಅಭ್ಯಾಸ ಖೋತಾ. ಸ್ಪರ್ಧೆ ಬಿಟ್ಟ ಮೇಲೆ ಅದೇ ವಿದ್ಯೆಯನ್ನು ನಮ್ಮ ಶಾಲೆಯ ಸಿಮೆಂಟ್ ಅಂಗಳದಲ್ಲಿ ಗಾಲಿಗಳ ಮೇಲೆ ಕಲಿಸಿದರು.

ಹುಡುಗನ ಎತ್ತರದ ಒಂದೂವರೆಯಷ್ಟು ಹಗ್ಗ, ತುದಿಗೆ ಸೀಮೆಸುಣ್ಣ. ಒಂದಕ್ಕೊಂದು ತಾಗುವ ಎರಡು ವೃತ್ತ, ಅಂದರೆ 8ರ ಆಕಾರ. ಒಂದೇ ಕಾಲಲ್ಲಿ ಒಂದನ್ನು ಮುಗಿಸಿ, ಕೂಡುವಲ್ಲಿ ಕಾಲು ಬದಲಿಸಬೇಕು. ಐಸ್ ಸ್ಪರ್ಧೆಗಳಿಂದ 1990ರ ನಂತರ ಗೆರೆ ಹಿಡಿದು ಸುತ್ತುವ ಈ ‘ಫಿಗರ್‌’ಗಳನ್ನು ಕೈಬಿಟ್ಟರು, ಸರ್ ಬಿಡಲಿಲ್ಲ. ಗೆರೆ ತಪ್ಪಿದರೆ ಬೈಯುವ ಮೊದಲು ಸ್ಕೇಟ್ ಮಗುಚಿ ನೋಡುತ್ತಿದ್ದರು. ಗಾಲಿಗಳ ಆಕ್ಸಲ್ ಹಿಡಿದಿರುವ ಭಾಗಕ್ಕೆ ಟ್ರಕ್ ಎನ್ನುತ್ತಾರೆ; ಅದರ ರಬ್ಬರ್ ಬುಷ್ ಬಿಗಿಯಾದರೆ ಪಾದ ವಾಲಿಸಿದರೂ ಸ್ಕೇಟ್ ತಿರುಗದು, ಸಡಿಲಾದರೆ ಓಲಾಡುತ್ತದೆ. ಮೈಭಾರ ನೋಡಿ ನಟ್ಟನ್ನು ಕಾಲು ಕಾಲು ಸುತ್ತು ತಿರುಗಿಸಿ ಹದಕ್ಕೆ ತರುತ್ತಿದ್ದರು.

ಜಿಗಿತಗಳಲ್ಲಿ ಅವರ ಹಟವೆಲ್ಲ ಲುಟ್ಜ್ ಎಂಬುದರ ಮೇಲೆ. ಎಡಗಾಲಿನ ಹೊರ ಅಂಚಿನಲ್ಲಿ ಹಿಮ್ಮುಖವಾಗಿ ಬಂದು, ಬಲಗಾಲಿನ ಟೋ ಸ್ಟಾಪ್, ಅಂದರೆ ಸ್ಕೇಟಿನ ಮುಂದಿನ ರಬ್ಬರ್ ಗುಂಡು, ಕುಟ್ಟಿ ಏಳಬೇಕು. ಜಾರುವ ದಾರಿ ಬಾಗುವುದು ಒಂದು ಕಡೆ, ಮೈ ಸುತ್ತಬೇಕಾದ್ದು ಎದುರು ಕಡೆ. ಹಾಗಾಗಿ ಕೊನೇ ಗಳಿಗೆಯಲ್ಲಿ ಪಾದ ಒಳ ಅಂಚಿಗೆ ಹೊರಳಿ, ಲುಟ್ಜ್ ಹೋಗಿ ಫ್ಲಿಪ್ ಎಂಬ ಬೇರೆಯೇ ಜಿಗಿತ ಆಗಿಬಿಡುತ್ತದೆ. ಸರ್ ಅದನ್ನು ಗಾಲಿಯ ಸದ್ದಿನಲ್ಲೇ ಹಿಡಿಯುತ್ತಿದ್ದರು.

ಒಮ್ಮೆ ಹಿಂದಿನ ಬೆಂಚಿನ ಪುಂಡರು, ವೇಗ ಬರಲೆಂದು, ಎಲ್ಲರ ಬೇರಿಂಗಿಗೂ ಕೊಬ್ಬರಿ ಎಣ್ಣೆ ಬಿಟ್ಟರು. ಡಿಸೆಂಬರಿನ ಬೆಳಗಿಗೆ ಅದು ಗಟ್ಟಿಯಾಗಿ, ಧೂಳೂ ಸೇರಿ, ಗಾಲಿ ಅಲ್ಲಾಡಲಿಲ್ಲ. ಶಿಕ್ಷೆಯೇ ಪಾಠವಾಯಿತು. ಜೋಡಿಗೆ 8 ಗಾಲಿ, 16 ಬೇರಿಂಗ್. ಎಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದೊಂದಕ್ಕೆ ಒಂದೇ ಹನಿ ಹೊಲಿಗೆ ಮಿಷನ್ ಎಣ್ಣೆ. ಹೆಚ್ಚಾದರೆ ಅದೂ ಧೂಳು ಹಿಡಿಯುತ್ತದೆ. ಕೆಟ್ಟವಕ್ಕೆ ಬದಲಿ ಮುಂಬಯಿಯ ಹಾರ್ಡ್‌ವೇರ್ ಪೇಟೆ ನಾಗದೇವಿ ಸ್ಟ್ರೀಟಿನಲ್ಲಿ: ಆಕ್ಸಲ್ 8 ಮಿ.ಮೀ. ಇದ್ದರೆ 608 ನಂಬರಿನ ಬೇರಿಂಗ್, 7 ಇದ್ದರೆ 627. ನೋಡದೆ ತಂದವರು ಮತ್ತೆ ಲೋಕಲ್ ಹಿಡಿಯಬೇಕು.

ಈಗ ಸೊಸೈಟಿಗಳ ಪಾರ್ಕಿಂಗಿನಲ್ಲಿ ಒಂದು ತಿಂಗಳ ಕೋರ್ಸು, ಕೊನೆಗೆ ಮೆಡಲು, ಫೋಟೊ. ಸ್ಪರ್ಧೆಯ ಮುಖ್ಯ ಜಿಗಿತಗಳೆಲ್ಲ ಇಳಿಯುವುದು ಹಿಮ್ಮುಖವಾಗಿ. ಹಿಂದಕ್ಕೆ ಜಾರಲು ಬಾರದ ಮಕ್ಕಳನ್ನು ಹಾರಿಸುತ್ತಾರೆ! ನಮ್ಮ ಬ್ಯಾಚಿನವರು, ಹೊಟ್ಟೆ ಬಂದಿದ್ದರೂ, ಇವತ್ತಿಗೂ ಗೆರೆ ತಪ್ಪದೆ ಆ 8ರ ಆಕಾರ ಸುತ್ತಿಯಾರು.

ಅಂಗಳಕ್ಕೆ ಈಗ ಪೇವರ್ ಕಲ್ಲು ಬಂದಿದೆಯಂತೆ. ಅದರ ಸಂದಿಗೆ ಗಾಲಿ ಸಿಕ್ಕಿದರೆ ಮಕ್ಕಳು ಮುಗ್ಗರಿಸುತ್ತಾರೆ. ಶಾಲೆಯವರೇ, ಸರ್ ಹೆಸರಿನಲ್ಲಿ ಫಲಕ ಬೇಡ. ಒಂದು ಮೂಲೆಯಲ್ಲಿ 10 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ನಯವಾದ ಸಿಮೆಂಟ್ ಹಾಕಿಸಿ. ಖರ್ಚಿಗೆ ಹಳೇ ವಿದ್ಯಾರ್ಥಿಗಳಿದ್ದೇವೆ.