ಪಿಲ್ಲರಿನ ಮೇಲೆ ಒತ್ತಿದ ನಂಬರು

ಹಳೆಯ ಸೈಕಲ್ಲಿನಲ್ಲಿರುವ ಸೀಟ್ ಪಿಲ್ಲರ್, ಅಂದರೆ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ, ಆ ಸೈಕಲ್ಲಿನದೇ ಆಗಿರಬೇಕೆಂದೇನೂ ಇಲ್ಲ. ನಡುವೆ ಎಷ್ಟು ಮೆಕ್ಯಾನಿಕ್‌ಗಳ ಕೈ ದಾಟಿರುತ್ತದೋ! ಇದು ಗೊತ್ತಿದ್ದೂ ಪಿಲ್ಲರಿನ ಮೇಲೆ ಒತ್ತಿದ್ದ 26.8 ಮಿ.ಮೀ. ವ್ಯಾಸ ನೋಡಿ ಅದೇ ಅಳತೆಯ ಹೊಸದನ್ನು ತರಿಸಿದೆ.

ಸೈಕಲ್ ಇಂಗ್ಲೆಂಡಿನದು, ಪಿಲ್ಲರ್ ಇಳಿಯುವ ಸೀಟ್ ಟ್ಯೂಬಿನ ಮೇಲೆ ರೆನಾಲ್ಡ್ಸ್ 531 ಡಬಲ್ ಬಟೆಡ್ (ಉದ್ದಕ್ಕೂ ಒಂದೇ ದಪ್ಪವಿರದ ಹಗುರ ಉಕ್ಕಿನ ಟ್ಯೂಬ್) ಸ್ಟಿಕ್ಕರ್. ದೂರು ಒಂದೇ: ಕುಳಿತರೆ ಸೀಟು ಇಳಿಯುತ್ತದೆ. ಹೊಸ ಪಿಲ್ಲರ್ ಹಾಕಿಕೊಟ್ಟೆ. ಗಿರಾಕಿ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು, ಮೊಣಕಾಲು ಎದೆಗೆ ತಾಗಿಸಿಕೊಂಡು ಹಿಂದಿರುಗಿದರು. 'ಎರಡು ನಿಮಿಷ ಸರ್' ಎಂದೆ. ಯಜಮಾನರು ಗಲ್ಲಾದಿಂದಲೇ, 'ಇನ್ನೊಂದು ಸುತ್ತು ಬಿಗಿ ಮಾಡಯ್ಯ' ಎಂದರು. ಮಾಡಿದೆ. ಟ್ಯೂಬಿನ ಬಾಯಿಯನ್ನು ಬಿಗಿಯುವ ಬೋಲ್ಟ್ ತಿರುಗುತ್ತಿತ್ತು, ಪಿಲ್ಲರ್ ಹಿಡಿಯುತ್ತಿರಲಿಲ್ಲ. ಇನ್ನಷ್ಟು ತಿರುಗಿಸಿದೆ. ಅಲೆನ್ ಕೀ ಇದ್ದಕ್ಕಿದ್ದಂತೆ ಹಗುರವಾಯಿತು ಅನ್ನಿಸಿ ಬೆವರಿದೆ. ಟ್ಯೂಬುಗಳನ್ನು ಜೋಡಿಸುವ ಲಗ್ ಬಿರುಕು ಬಿಟ್ಟರೆ ಆ ಫ್ರೇಮಿಗೆ ಬ್ರೇಜಿಂಗ್ (ಒಂದು ಬಗೆಯ ಬೆಸುಗೆ) ಮಾಡುವವರನ್ನು ಎಲ್ಲಿಂದ ತರಲಿ? ಕೀ ತೆಗೆದು ಹಿಂಬದಿಯ ಸೀಳು ನೋಡಿದೆ. ಕೆಳಗೆ ಅಗಲ, ಮೇಲೆ ಬೋಲ್ಟ್ ಹಾಯುವ ಎರಡೂ ಕಿವಿಗಳು ಒಂದಕ್ಕೊಂದು ತಾಗಿಕೊಂಡಿವೆ. ಇನ್ನೇನು ಬಿಗಿಯಾದೀತು?

ಲೆಕ್ಕ ಮೊದಲೇ ಹಾಕಬಹುದಿತ್ತು. ಇಂಗ್ಲಿಷ್ ಸೀಟ್ ಟ್ಯೂಬಿನ ಹೊರವ್ಯಾಸ 28.6 ಮಿ.ಮೀ. ಡಬಲ್ ಬಟೆಡ್ 531 ಆದರೆ ಮೇಲ್ತುದಿಯ ತಗಡಿನ ದಪ್ಪ ಸುಮಾರು 0.6; ಎರಡೂ ಬದಿ ಕಳೆದರೆ 27.4, ಅದಕ್ಕೆ 27.2ರ ಪಿಲ್ಲರ್. ಮಾಮೂಲಿ ದಪ್ಪ ಸ್ಟೀಲಾದರೆ ಇನ್ನೂ ಸಣ್ಣದು. ಹಳೆಯ ಫ್ರೆಂಚ್ ಫ್ರೇಮುಗಳ ಟ್ಯೂಬೇ 28, ಅಲ್ಲಿ 26.4 ಬರುವುದುಂಟು. ಅಳೆದೇ ನೋಡೋಣವೆಂದರೆ ನಮ್ಮ ಪ್ಲಾಸ್ಟಿಕ್ ವರ್ನಿಯರ್ ಮಾಪಕ ಒತ್ತಿದಂತೆಲ್ಲ ಬಾಗುತ್ತದೆ, ಕುಗ್ಗಿದ ಬಾಯಿಯನ್ನೇ ಅಳೆದು ಸುಳ್ಳು ಹೇಳುತ್ತದೆ. ಸೀಳಿನ ಕೆಳಗಿನ ಗುಂಡು ಭಾಗಕ್ಕೆ ಅದರ ದವಡೆ ತಲುಪುವುದೇ ಇಲ್ಲ. ಒಳವ್ಯಾಸ ಅಳೆಯುವ ಟೆಲಿಸ್ಕೋಪಿಕ್ ಗೇಜ್ ಕೇಳಿದರೆ ಯಜಮಾನರು, 'ನಾವೇನು ಲೇತ್ ಅಂಗಡಿ ಇಟ್ಟಿದ್ದೇವೆಯೇ?' ಎನ್ನುತ್ತಾರೆ. ಹಾಗಾಗಿ ಅಳತೆಗೆಂದು ಹಳೆಯ ಪಿಲ್ಲರ್‌ಗಳನ್ನೇ ಕೂಡಿಟ್ಟುಕೊಂಡು, 0.2ರ ಹೆಜ್ಜೆಯಲ್ಲಿ ಒಂದೊಂದನ್ನೇ ಇಳಿಸಿ ನೋಡುವುದು.

ಬೋಲ್ಟ್ ಕಳಚಿ, ಸೀಳಿಗೆ ಮರದ ಬೆಣೆ ಕೊಟ್ಟು ಕಿವಿಗಳನ್ನು ಕೂದಲೆಳೆಯಷ್ಟೇ ಬಿಡಿಸುತ್ತಾ ಹೋದೆ. ಪೇಂಟು ಚಟ್ ಎಂದಾಗಲೆಲ್ಲ ಕೈ ನಿಲ್ಲಿಸಿ ಸೀಳಿನ ಬುಡಕ್ಕೆ ಟಾರ್ಚ್ ಹಿಡಿದೆ. ಗಿರಾಕಿ ಪಕ್ಕದಲ್ಲೇ ನಿಂತಿದ್ದರು, ಮಾತಿಲ್ಲ. ಒಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ಗ್ರೀಸ್ ಹಚ್ಚಿ 27.2 ಇಟ್ಟೆ. ಕೈಯ ಒತ್ತಡಕ್ಕೇ ತಿರುಗುತ್ತಾ ಇಳಿಯಿತು, ಅಲುಗಾಟವಿಲ್ಲ. ಬೋಲ್ಟ್ ಬಿಗಿದ ಮೇಲೂ ಸೀಳಿನ ಎರಡು ಅಂಚುಗಳು ಸಮಾಂತರವಾಗಿಯೇ ಉಳಿದವು.

26.8ರ ಹೊಸ ಪಿಲ್ಲರಿನ ಬೆಲೆಯನ್ನು ಯಜಮಾನರು ನನ್ನ ಸಂಬಳದ ಪುಟದಲ್ಲಿ ಬರೆದುಕೊಂಡರು. ಗೀರು ಬಿದ್ದಿದೆಯಂತೆ, ಇನ್ನು ಮಾರಲಾಗದಂತೆ.