ಆರನೇ ಸಾಲು ಬಿಡೋದು ಯಾವಾಗ?

ದಾವಣಗೆರೆ ಚೆಸ್ ಟೂರ್ನಿಯ ಕೊನೆ ಸುತ್ತು. ಹಾಲ್ ಖಾಲಿಯಾಗ್ತಿದ್ರೂ ಒಂದು ಬೋರ್ಡ್ ಸುತ್ತ ಜನ. ಬಿಳಿ ರಾಜ ಡಿ5 (ಅಕ್ಷರ ಅಂದ್ರೆ ಉದ್ದ ಸಾಲು, ಅಂಕಿ ಅಂದ್ರೆ ಬಿಳಿ ಕಡೆಯಿಂದ ಎಣಿಸಿದ ಅಡ್ಡ ಸಾಲು), ಪಾನ್ (ಕಾಲಾಳು) ಇ5, ರೂಕ್ (ಆನೆ) ಎ7. ಕಪ್ಪು ರಾಜ ಇ8, ರೂಕ್ ಜಿ6. 1777ರಲ್ಲೇ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿದ ಡ್ರಾ ಇದು.

ಕಪ್ಪು ರೂಕ್ ಆರನೇ ಸಾಲಲ್ಲಿ ಅಡ್ಡಾಡ್ತಿರಬೇಕು, ಬಿಳಿ ರಾಜ ಒಳಗೆ ಬರಬಾರದು. ಪಾನ್ ಇ6ಕ್ಕೆ ಬಂದ ಕ್ಷಣವೇ ರೂಕ್ ಜಿ1ಕ್ಕೆ! ರಾಜ ಡಿ6ಕ್ಕೆ ಬಂದ್ರೆ ಡಿ1ರಿಂದ ಚೆಕ್, ಇ5ಕ್ಕೆ ಹೋದ್ರೆ ಇ1ರಿಂದ. ಅವನಿಗೆ ಮರೆಯಾಗೋಕೆ ಜಾಗವೇ ಇಲ್ಲ, ಆ ಜಾಗ ಪಾನ್ ತಾನೇ ತಿಂದುಬಿಟ್ಟಿದೆ.

ಎಡವೋದು ಇಲ್ಲೇ. ಅಭ್ಯಾಸಬಲದಿಂದ ಇನ್ನೊಂದು ಸಲ ಎಚ್6ಕ್ಕೆ ಸರಿಸಿದ್ರೆ, ರಾಜ ಡಿ6ಕ್ಕೆ ಬಂದು ಪಾನ್ ಮರೆಯಲ್ಲಿ ನಿಲ್ತಾನೆ; ಮುಂದೆ ಬಿಳಿ ರೂಕ್ ಎ8ಕ್ಕೆ ಬಂದು ಮೇಟ್ ಮಾಡೋ ಬೆದರಿಕೆ. ಕಪ್ಪು ರೂಕ್ ಎಚ್8ಕ್ಕೆ ವಾಪಸ್ ಓಡಿದ್ರೂ ಮೇಟ್ ತಪ್ಪಲ್ಲ, ಅದು ತನ್ನ ರಾಜನ ಆ ಕಡೆ ಸಿಕ್ಕಿಬಿದ್ದಿರುತ್ತೆ.

ಇನ್ನೊಂದು: ತನ್ನ ನಡೆಯಿಂದ ಅದೇ ಸ್ಥಿತಿ ಮೂರನೇ ಸಲ ಬರೋದಾದ್ರೆ, ಡ್ರಾ ಕೇಳೋಕೆ ಆ ನಡೆಯನ್ನ ಶೀಟಲ್ಲಿ ಬರೆದು, ಆಡದೆ ಆರ್ಬಿಟರ್‌ಗೆ (ತೀರ್ಪುಗಾರರಿಗೆ) ಹೇಳಬೇಕು. ಕಾಯಿ ಸರಿಸಿಬಿಟ್ರೆ ಆ ಸರದಿಯ ಹಕ್ಕು ಹೋಯ್ತು.

ಓಪನಿಂಗ್ ಇಪ್ಪತ್ತು ನಡೆ ಬಾಯಿಪಾಠ ಮಾಡೋ ಹುಡುಗರು ಇದಕ್ಕೆ ಅರ್ಧ ಗಂಟೆ ಕೊಡಲ್ಲ, ಅದ್ಯಾಕೋ.