ಆ ಏಟಿನ ಸದ್ದು

ಇಂದು ಮಧ್ಯಾಹ್ನ ‘ಇನ್ ದಿ ಹೀಟ್ ಆಫ್ ದಿ ನೈಟ್’ ಮತ್ತೆ ನೋಡಿದೆ. 1967ರ ಚಿತ್ರ. ಅಮ್ಮ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು.

ಆರ್ಕಿಡ್ ಗಿಡಗಳ ಗಾಜಿನ ಮನೆ. ಕೊಲೆಯ ಬಗ್ಗೆ ಪ್ರಶ್ನೆ ಕೇಳಿದನೆಂದು ಬಿಳಿಯ ಜಮೀನುದಾರ ಕಪ್ಪು ಪತ್ತೇದಾರನ ಕೆನ್ನೆಗೆ ಹೊಡೆಯುತ್ತಾನೆ. ರೆಪ್ಪೆ ಬಡಿಯುವಷ್ಟರಲ್ಲಿ ಪತ್ತೇದಾರ ತಿರುಗಿ ಬಾರಿಸುತ್ತಾನೆ.

ಅಮ್ಮನ ಕೈ ನಿಂತಿತು. ಅರ್ಧ ಸುಲಿದ ಕಾಯಿ ಬೆರಳುಗಳ ನಡುವೆಯೇ ಉಳಿಯಿತು. “ಹಾಗೆ ಕೊಡಬೇಕು” ಎಂದರು, ಮೆಲ್ಲಗೆ.

ಅಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಈ ಕ್ಷಣಕ್ಕೆ ಎರಡು ಬಗೆಯ ಸದ್ದು ಏಳುತ್ತಿತ್ತಂತೆ. ಕಪ್ಪು ಪ್ರೇಕ್ಷಕರ ಹರ್ಷೋದ್ಗಾರ ಒಂದು ಕಡೆ. ಬಿಳಿಯರ ಬಾಯಿಂದ ಬರಿಯ “ಓ!” ಸಭಾಂಗಣದಲ್ಲಿ ಯಾರು ಎಷ್ಟು ಮಂದಿ ಇದ್ದಾರೆಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು ಎಂದು ಪೊಲೀಸ್ ಮುಖ್ಯಸ್ಥನ ಪಾತ್ರ ಮಾಡಿದ ರಾಡ್ ಸ್ಟೈಗರ್ ನೆನಪಿಸಿಕೊಂಡಿದ್ದರು.

ಒಂದೇ ಏಟು. ಒಂದೇ ಕತ್ತಲು. ಅಕ್ಕಪಕ್ಕದ ಕುರ್ಚಿಗಳು. ಆದರೂ ಕೇಳಿಸಿದ್ದು ಬೇರೆ ಬೇರೆ. ಮಧ್ಯಾಹ್ನದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ.

ಕಥೆ ನಡೆಯುವುದು ಅಮೆರಿಕದ ದಕ್ಷಿಣದ ರಾಜ್ಯ ಮಿಸಿಸಿಪಿಯಲ್ಲಿ. ಕಪ್ಪು ಮನುಷ್ಯನಿಗೆ ದಕ್ಷಿಣಕ್ಕೆ ಹೋಗುವುದು ಸುರಕ್ಷಿತವಲ್ಲವೆಂದು ಪತ್ತೇದಾರನ ಪಾತ್ರ ಮಾಡಿದ ಸಿಡ್ನಿ ಪಾಟಿಯೆ ಹಿಂಜರಿದರು, ಹಾಗಾಗಿ ಚಿತ್ರೀಕರಣದ ಬಹುಭಾಗ ಉತ್ತರದ ಇಲಿನಾಯ್‌ ರಾಜ್ಯದಲ್ಲಿ ನಡೆಯಿತು. ತೆರೆಯ ಮೇಲೆ ತಿರುಗಿ ಹೊಡೆದ ಮನುಷ್ಯನಿಗೆ ನಿಜವಾದ ಊರಿನಲ್ಲಿ ರಾತ್ರಿ ಕಳೆಯಲು ಭಯವಿತ್ತು.

ಅಮ್ಮನಿಗೆ ನಾನು ಇದಾವುದನ್ನೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ಕೇಳಿದರು: “ಆ ಹುಡುಗನನ್ನು ಸುಮ್ಮನೆ ಬಿಡುತ್ತಾರೇನೋ?”